ಅಕ್ಕನ ಮನೆ ಮಂಗಳೂರಲ್ಲಿದ್ದರೆ: ನೆಂಟಸ್ತಿಕೆಯೂ ಕೆಡದೆ ಊರೂ ನೋಡಿ ಬರುವುದು ಹೇಗೆ

ಅಕ್ಕನನ್ನು ಮಂಗಳೂರಿಗೆ ಕೊಟ್ಟು ಹದಿನಾಲ್ಕು ವರ್ಷವಾಯಿತು. ಮೈಸೂರಿನಿಂದ ವರ್ಷಕ್ಕೊಮ್ಮೆಯಾದರೂ ಹೋಗಿ ಬರುತ್ತೇನೆ. ಮೊದಲ ನಾಲ್ಕೈದು ಸಲ ನಾನು ನೋಡಿದ ಮಂಗಳೂರು ಅಂದರೆ ಅಕ್ಕನ ಮನೆಯ ಜಗಲಿ, ಭಾವನ ಅಣ್ಣನ ಮನೆ, ಎರಡು ಮದುವೆ ಹಾಲ್, ಅಷ್ಟೇ. ಆಮೇಲೆ ಒಂದು ಸಲ ಹಟ ಹಿಡಿದು ಏಳು ಜಾಗದ ಪಟ್ಟಿ ಮಾಡಿಕೊಂಡು ಹೋದೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ರಾತ್ರಿ ಒಂಬತ್ತಕ್ಕೆ ವಾಪಸ್. ಮೂರನೇ ದಿನ ಅಕ್ಕ ಒಂದೇ ಮಾತು ಕೇಳಿದಳು, 'ನಮ್ಮನೆ ಏನು ಲಾಡ್ಜಾ?'

ಎರಡೂ ತಪ್ಪು ಮಾಡಿದ ಮೇಲೆ ಕೈಗೆ ಸಿಕ್ಕ ಸೂತ್ರ ಇದು: ಬೆಳಿಗ್ಗೆ ಗುಡ್ಡ, ಮಧ್ಯಾಹ್ನ ಮನೆ, ಸಂಜೆ ಕಡಲು. ಕೇಳೋಕೆ ಸುಮ್ನೆ ಪ್ರಾಸದ ಹಾಗಿದೆ, ಆದರೆ ಇದಕ್ಕೆ ಕಾರಣ ಇದೆ. ಮಂಗಳೂರಿನಲ್ಲಿ ಹನ್ನೊಂದು ಗಂಟೆಯಾದ ಮೇಲೆ ಏರು ಹತ್ತಿದರೆ ಅಂಗಿ ಹಿಂಡಬಹುದು, ಅಷ್ಟು ಬೆವರು. ಕಡಲು ಇರುವುದು ಪಶ್ಚಿಮಕ್ಕೆ, ಅಲ್ಲಿಗೆ ಬೆಳಿಗ್ಗೆ ಹೋಗಿ ಏನೂ ಸಿಗುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ನಿಮಗಾಗಿ ಮೀನು ಹುರಿದು ಕಾಯುತ್ತಿರುವ ಮನೆಯಲ್ಲಿ ನೀವಿಲ್ಲದಿದ್ದರೆ ಆ ಬೇಜಾರು ಮುಂದಿನ ಮದುವೆಯವರೆಗೂ ಬರುತ್ತದೆ. ಹಾಗಾಗಿ ದಿನಕ್ಕೆ ಎರಡೇ ಜಾಗ, ಊಟಕ್ಕೆ ಮನೆ. ನಾಲ್ಕು ದಿನ ಇದ್ದರೆ ಊರನ್ನು ಚೆನ್ನಾಗಿ ನೋಡಬಹುದು.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಬೆಳಿಗ್ಗೆ ಸ್ವಲ್ಪ ತಂಪು, ರಾತ್ರಿ ಎಲ್ಲಾದರೂ ಒಂದು ಕಡೆ ಯಕ್ಷಗಾನ. ಮೇಳಗಳ, ಅಂದರೆ ಯಕ್ಷಗಾನ ತಂಡಗಳ, ತಿರುಗಾಟ ಮೇ ಕೊನೆಯ ಪತ್ತನಾಜೆಯವರೆಗೂ ಇರುತ್ತದೆ; ಪತ್ತನಾಜೆ ಅಂದರೆ ಆಟಗಳು ಮುಗಿಯುವ ತುಳುನಾಡಿನ ದಿನ. ಮಕ್ಕಳ ರಜೆ ಅಂತ ಏಪ್ರಿಲ್-ಮೇಯಲ್ಲಿ ಹೋಗುವವರೇ ಜಾಸ್ತಿ. ಹೋಗಿ, ಹಲಸು, ಮಾವು ಸಿಗುತ್ತವೆ, ಆದರೆ ಸೆಕೆಗೆ ತಯಾರಾಗಿ ಹೋಗಿ.

ಜೂನ್‌ನಿಂದ ಸೆಪ್ಟೆಂಬರ್ ಮಳೆ. ನಮ್ಮ ಕಡೆಯ ಮಳೆ ಅಂದುಕೊಳ್ಳಬೇಡಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಬೀಳುವ ಊರು ಅದು. ಒಣಗಲು ಹಾಕಿದ ಪ್ಯಾಂಟು ನಾಲ್ಕು ದಿನ ಕಳೆದರೂ ಮುಗ್ಗಲು ವಾಸನೆ. ಕಡಲಿಗೆ ಇಳಿಯುವ ಮಾತೇ ಇಲ್ಲ. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಹಾಗಾಗಿ ಮೀನು ತಿನ್ನಬೇಕೆಂದೇ ಹೊರಡುವವರು ಆ ಎರಡು ತಿಂಗಳು ಬಿಡಿ. ದಸರೆಗೆ ಹೋಗಬಹುದಾ ಅಂತ ಕೇಳಿದರೆ, ಖಂಡಿತ. ಮೈಸೂರಿನವನಾಗಿ ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ: ಕುದ್ರೋಳಿ ದೇವಸ್ಥಾನದ ದಸರಾ, ಬೀದಿಬೀದಿಯ ಹುಲಿವೇಷ ಒಂದು ಸಲವಾದರೂ ನೋಡಬೇಕು.

ಹೋಗುವ ದಾರಿ, ಇಳಿಯುವ ಜಾಗ

ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್, ಶಿರಾಡಿ ಘಾಟಿಯಲ್ಲಿ ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಬಂದ್ ಆಗುವುದುಂಟು, ಹೊರಡುವ ದಿನ ಒಮ್ಮೆ ವಿಚಾರಿಸಿ. ಮೈಸೂರಿನವರಿಗೆ ಮಡಿಕೇರಿ, ಸಂಪಾಜೆ ದಾರಿ.

ಹಗಲಿನ ರೈಲು ಸಿಕ್ಕರೆ ಬಿಡಬೇಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಾಟಿಯಲ್ಲಿ 57 ಸುರಂಗ. ಯಶವಂತಪುರದಿಂದ ಹೋಗುವ ಹಗಲು ರೈಲಿಗೆ 2021ರಲ್ಲಿ ವಿಸ್ಟಾಡೋಮ್ ಬೋಗಿ ಸೇರಿಸಿದರು, ಗಾಜಿನ ಚಾವಣಿಯದು. ಟಿಕೆಟ್ ದುಬಾರಿ, ಆದರೆ ಒಂದು ಸಲಕ್ಕೆ ಪರವಾಗಿಲ್ಲ.

ಟಿಕೆಟ್ ಮಾಡುವ ಮೊದಲು ನೆಂಟರಿಗೆ ಒಂದು ಫೋನ್ ಮಾಡಿ, ಯಾವ ಸ್ಟೇಷನ್ ಹತ್ತಿರ ಅಂತ ಕೇಳಿ. ಸೆಂಟ್ರಲ್ ಇರುವುದು ಊರಿನ ನಡುವೆ, ಹಂಪನಕಟ್ಟೆ ಹತ್ತಿರ. ಜಂಕ್ಷನ್ ಇರುವುದು ಊರಾಚೆ, ಪಡೀಲ್ ಕಡೆ. ಇದು ಗೊತ್ತಿಲ್ಲದೆ ನಾನು ಒಂದು ಸಲ ಬೆಳಗಿನ ಜಾವ ಜಂಕ್ಷನ್ನಿನಲ್ಲಿ ಇಳಿದೆ, ಭಾವ ಸೆಂಟ್ರಲ್‌ನಲ್ಲಿ ಕಾಯುತ್ತಿದ್ದರು. ವಿಮಾನದಲ್ಲಿ ಬರುವವರಿಗೆ ಬಜ್ಪೆ. ಆ ನಿಲ್ದಾಣವೂ ಗುಡ್ಡದ ತಲೆಯ ಮೇಲೇ ಇದೆ.

ಮೊದಲ ರಾತ್ರಿಯೇ ಮಾತಾಡಿ ಮುಗಿಸಿ

ಈ ಹಂತ ಬಿಟ್ಟರೆ ಉಳಿದದ್ದೆಲ್ಲ ಕೆಡುತ್ತದೆ. ಹೋದ ದಿನ ರಾತ್ರಿ ಊಟಕ್ಕೆ ಕೂತಾಗ ಮೂರು ವಿಷಯ ಹೇಳಿಬಿಡಿ. ಒಂದು, ಯಾವ ದಿನ ಯಾವ ಹೊತ್ತಿಗೆ ಮನೆಯಲ್ಲಿರುತ್ತೀರಿ. ಎರಡು, ಊಟಕ್ಕೆ ಬರುತ್ತೀರೋ ಇಲ್ಲವೋ. ಮೂರು, ನಿಮ್ಮ ಜೊತೆ ಯಾರೂ ಬರಬೇಕಾಗಿಲ್ಲ. ಮೂರನೆಯದು ಮುಖ್ಯ. ನೀವು ಬಂದಿದ್ದೀರಿ ಅಂತ ಭಾವ ರಜೆ ಹಾಕುತ್ತಾರೆ, ಆಮೇಲೆ ಅವರು ನೂರು ಸಲ ನೋಡಿದ ಬೀಚಿನಲ್ಲಿ ಫೋನ್ ನೋಡುತ್ತ ನಿಂತಿರುತ್ತಾರೆ. ಪಾಪ ಅಲ್ವಾ.

ಅದರ ಬದಲು ಒಂದೇ ಒಂದು ಕಡೆಗೆ ಎಲ್ಲರನ್ನೂ ನೀವೇ ಕರೆದುಕೊಂಡು ಹೋಗಿ, ಖರ್ಚು ನಿಮ್ಮದು. ಅದು ಯಾವುದು ಅಂತ ಮುಂದೆ ಹೇಳುತ್ತೇನೆ. ಭಾನುವಾರ ಪೂರ್ತಿ ಖಾಲಿ ಬಿಡಿ, ಅವತ್ತು ನೆಂಟರ ನೆಂಟರೆಲ್ಲ ಬಂದು ಹೋಗುತ್ತಾರೆ. ಬುಧವಾರ ಗುರುವಾರ ಊರು ತಿರುಗಿ. ಎಲ್ಲೂ ರಶ್ ಇರುವುದಿಲ್ಲ.

ನಾನು ಅತ್ತೆಗೆ, ಅಂದರೆ ಅಕ್ಕನ ಅತ್ತೆಗೆ, ಈಗ ಬೆಳಿಗ್ಗೆಯೇ ಹೇಳಿ ಹೊರಡುತ್ತೇನೆ. 'ಊಟಕ್ಕೆ ಉಂಟಲ್ಲ ನೀನು?' ಅನ್ನುತ್ತಾರೆ. 'ಒಂದು ಗಂಟೆಗೆ ಬರ್ತೀನಿ' ಅಂದರೆ ಒಂದು ಗಂಟೆಗೆ ಬರಬೇಕು. ಒಂದೂವರೆಗಲ್ಲ.

ಊರಿನ ಏರಿಳಿತ ಅರ್ಥ ಮಾಡಿಕೊಳ್ಳಿ

ಹೆಸರುಗಳನ್ನೇ ನೋಡಿ: ಬಾವುಟಗುಡ್ಡೆ, ಮಣ್ಣಗುಡ್ಡೆ, ಕದ್ರಿ ಗುಡ್ಡೆ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ದಿಬ್ಬಗಳ ಮೇಲೆ ಕಟ್ಟಿದ ಊರು, ಉತ್ತರಕ್ಕೆ ಫಲ್ಗುಣಿ, ದಕ್ಷಿಣಕ್ಕೆ ನೇತ್ರಾವತಿ, ಎರಡೂ ಒಂದೇ ಅಳಿವೆಯಲ್ಲಿ ಕಡಲಿಗೆ ಸೇರುತ್ತವೆ. ಮ್ಯಾಪಿನಲ್ಲಿ 800 ಮೀಟರ್ ಅಂತ ತೋರಿಸಿದ್ದನ್ನು ನಂಬಿ ಅಮ್ಮನನ್ನು ನಡೆಸಿಕೊಂಡು ಹೋದರೆ ಅದರಲ್ಲಿ 400 ಮೀಟರ್ ಕಡಿದಾದ ಏರು ಅಂತ ಆಮೇಲೆ ಗೊತ್ತಾಗುತ್ತದೆ, ಅಷ್ಟರಲ್ಲಿ ಅಮ್ಮ ಯಾರದೋ ಕಾಂಪೌಂಡಿನ ಕಟ್ಟೆ ಮೇಲೆ ಕೂತು ನಿಮ್ಮನ್ನೇ ನೋಡುತ್ತಿರುತ್ತಾರೆ.

ಉಪಾಯ ಸುಲಭ. ಏರಿಗೆ ರಿಕ್ಷಾ ಅಥವಾ ಬಸ್ಸು, ಇಳಿಜಾರಿಗೆ ಕಾಲು. ನೋಡುವ ಜಾಗಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿಕೊಳ್ಳಿ.

ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿಯವು, ಓಟ ಜೋರು, ನಿಲ್ಲುವುದು ಅರೆಗಳಿಗೆ. ನಂಬರ್ ನೆನಪಿಟ್ಟುಕೊಳ್ಳುವ ಗೋಜು ಬೇಡ, ಕಂಡಕ್ಟರ್ ಕೂಗುವುದನ್ನು ಕೇಳಿಸಿಕೊಳ್ಳಿ. 'ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್' ಅಂದರೆ ಬ್ಯಾಂಕಿಗಲ್ಲ, ಊರಿನ ಮುಖ್ಯ ಬಸ್ ನಿಲ್ದಾಣಕ್ಕೆ. ಸರ್ಕಾರಿ ದೂರದ ಬಸ್ಸುಗಳು ನಿಲ್ಲುವುದು ಬಿಜೈಯಲ್ಲಿ, ಅದು ಬೇರೆ. ರಿಕ್ಷಾದವರು ಮೀಟರ್ ಹಾಕುತ್ತಾರೆ, ಬೆಂಗಳೂರಿನಿಂದ ಹೋದವರಿಗೆ ಇದೇ ಒಂದು ಪ್ರೇಕ್ಷಣೀಯ ವಿಷಯ. ನಸುಕಿನಲ್ಲಿ ಮಾತ್ರ ಮೊದಲೇ ಕೇಳಿ ಹತ್ತಿ.

ಭಾವನ ಸ್ಕೂಟರ್ ತೆಗೆದುಕೊಂಡು ಹೋಗುವುದಾದರೆ ಮೊದಲು ಬ್ರೇಕ್ ನೋಡಿ. ಇಳಿಜಾರಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ಹೋಗಬೇಡಿ, ವಾಪಸ್ ಬರುವಷ್ಟರಲ್ಲಿ ಗಾಡಿ ಮಲಗಿರುತ್ತದೆ. ಯಾಕೆ ಗೊತ್ತು ಅಂತ ಕೇಳಬೇಡಿ.

ಬೆಳಗಿನ ಮೊದಲ ಸುತ್ತು: ಬಲ್ಮಠದಿಂದ ರಥಬೀದಿಗೆ

ನನಗೆ ಇಡೀ ಮಂಗಳೂರಿನಲ್ಲಿ ತುಂಬ ಇಷ್ಟವಾದ ನಡಿಗೆ ಇದು. ಎಂಟೂವರೆಗೆ ರಿಕ್ಷಾ ಹಿಡಿದು ಬಲ್ಮಠದ ಮೇಲೆ ಇಳಿದುಕೊಳ್ಳಿ. ಇದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರ ಗುಡ್ಡ. ಆ ಮಿಷನ್‌ನ ಪಾದ್ರಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರತಂದದ್ದು ಈ ಊರಿನಿಂದ, ಕಲ್ಲಚ್ಚಿನಲ್ಲಿ. ಜುಲೈ 1ಕ್ಕೆ ನಾವು ಪತ್ರಿಕಾ ದಿನ ಅಂತ ಮಾಡುವುದು ಅದಕ್ಕೇ. ಕಿಟ್ಟೆಲ್‌ರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿನ ಮಿಷನ್ ಪ್ರೆಸ್‌ನಲ್ಲೇ. ಕನ್ನಡ ಓದುವವರು ಇಲ್ಲಿ ಐದು ನಿಮಿಷ ನಿಂತರೆ ತಪ್ಪಿಲ್ಲ. ಆ ಕಡೆ ಈ ಕಡೆ ಹಳೇ ಮನೆಗಳ ಹಂಚು ಕಂಡರೆ ಅದನ್ನೂ ನೋಡಿ. 1865ರಲ್ಲಿ ಇದೇ ಮಿಷನ್‌ನವರು ಹಂಚಿನ ಕಾರ್ಖಾನೆ ಶುರುಮಾಡಿದರು. ಆಮೇಲೆ ಮಂಗಳೂರು ಹಂಚು ಎಲ್ಲೆಲ್ಲಿಗೆ ಹೋಯಿತು ಅಂತ ಹೇಳಬೇಕಾಗಿಲ್ಲ, ನಮ್ಮ ಅಜ್ಜನ ಮನೆಯ ಮಾಡಿನಲ್ಲೂ ಅದೇ ಇತ್ತು.

ಅಲ್ಲಿಂದ ಜ್ಯೋತಿ ವೃತ್ತ ದಾಟಿ ಬಾವುಟಗುಡ್ಡೆಗೆ ಬನ್ನಿ. ಹಳೇ ದೀಪಸ್ತಂಭ, ಪಕ್ಕದಲ್ಲಿ ಠಾಗೋರ್ ಪಾರ್ಕ್. ಬಾವುಟ ಅಂದರೆ ಧ್ವಜ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ದಂಗೆ ಎದ್ದು ಬಂದ ರೈತರು ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದ್ದು ಈ ಗುಡ್ಡದ ಮೇಲೆ. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು 2022ರಲ್ಲಿ ಇಲ್ಲಿ ನಿಲ್ಲಿಸಿದ್ದಾರೆ. ಪಾರ್ಕಿನ ಬೆಂಚಿನಲ್ಲಿ ಕೂತರೆ ಕಟ್ಟಡಗಳ ಸಂದಿಯಲ್ಲಿ ಕಡಲು ಒಂದು ಗೆರೆಯ ಹಾಗೆ ಕಾಣುತ್ತದೆ.

ಸ್ವಲ್ಪ ಇಳಿದರೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಲ್ಲಿ ಅವಸರ ಮಾಡಬೇಡಿ. ಅಂತೋನಿಯೊ ಮೊಸ್ಕೆನಿ ಅಂತ ಇಟಲಿಯ ಜೆಸ್ವಿತ್ ಬ್ರದರ್ 1899ರಿಂದ ಎರಡು ವರ್ಷ ಕೂತು ಗೋಡೆ, ಚಾವಣಿ ತುಂಬ ಚಿತ್ರ ಬರೆದರು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು, ಗಾರೆ ಒಣಗುವುದರೊಳಗೆ ಬಣ್ಣ ಹಾಕಿ ಮುಗಿಸಬೇಕು, ಆಮೇಲೆ ತಿದ್ದುವ ಹಾಗಿಲ್ಲ. ಕೆಲವು ಕಡೆ ಕಂಬ, ಕಮಾನು ಮುಂದಕ್ಕೆ ಚಾಚಿಕೊಂಡ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಬರೀ ಬಣ್ಣ! ನನ್ನ ಮಗಳು ಅದನ್ನು ಮುಟ್ಟಲು ಹೋಗಿ ಬೈಸಿಕೊಂಡಳು. ಒಳಗೆ ಫೋಟೊ ತೆಗೆಯುವಂತಿಲ್ಲ, ಒಳ್ಳೆಯದೇ ಆಯಿತು, ಕಣ್ಣಿಂದ ನೋಡುತ್ತೇವೆ. ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಿ. ಹತ್ತು ಗಂಟೆ ಸುಮಾರಿಗೆ ನಿರಾಳ.

ಅಲ್ಲಿಂದ ಇಳಿಜಾರಿನಲ್ಲಿ ಹಂಪನಕಟ್ಟೆ, ಮಿಲಾಗ್ರಿಸ್ ಚರ್ಚು. ಕಾಲಿನಲ್ಲಿ ಇನ್ನೂ ಶಕ್ತಿ ಇದ್ದರೆ ರಥಬೀದಿ. ವೆಂಕಟರಮಣ ದೇವಸ್ಥಾನದ ಸುತ್ತ ಹೂವು, ಹಿತ್ತಾಳೆ ಪಾತ್ರೆ, ಹಪ್ಪಳದ ಅಂಗಡಿ. ಮಲ್ಲಿಗೆಯನ್ನು ಇಲ್ಲಿ ಮೊಳದ ಲೆಕ್ಕದಲ್ಲಿ ಕೇಳಬೇಡಿ, ಚೆಂಡು, ಅಟ್ಟೆ ಅಂತ ಕೇಳಬೇಕು. ಒಂದು ಚೆಂಡು ಹೂವು ಕಟ್ಟಿಸಿಕೊಂಡು ಅಕ್ಕನಿಗೆ, ಅತ್ತೆಗೆ ಹಂಚಿದರೆ ಬೆಳಗಿಡೀ ತಿರುಗಿದ್ದಕ್ಕೆ ಮಾಫಿ. ಹನ್ನೆರಡಕ್ಕೆ ರಿಕ್ಷಾ ಹತ್ತಿ, ಊಟಕ್ಕೆ ಮುಂಚೆ ಸ್ನಾನಕ್ಕೂ ಟೈಮ್ ಇರುತ್ತದೆ.

ಎರಡನೇ ಬೆಳಿಗ್ಗೆ ಕದ್ರಿ

ಏಳು ಗಂಟೆಗೇ ಹೋಗಿ. ಮಂಜುನಾಥ ದೇವಸ್ಥಾನದಲ್ಲಿರುವ ಕಂಚಿನ ಲೋಕೇಶ್ವರ ವಿಗ್ರಹದ ಪೀಠದ ಮೇಲೇ ಶಾಸನ ಇದೆ: ಅಳುಪ ದೊರೆ ಕುಂದವರ್ಮ ಮಾಡಿಸಿದ್ದು, ಕ್ರಿ.ಶ. 968. ಮೂರು ಮುಖ, ಆರು ಕೈ. ಸಾವಿರ ವರ್ಷ ದಾಟಿದ ಲೋಹ ಅಂತ ಅನ್ನಿಸುವುದೇ ಇಲ್ಲ, ಅಷ್ಟು ನಯ. ಹಿಂದಿನ ಗುಡ್ಡದಿಂದ ಹರಿದು ಬರುವ ನೀರು ಗೋಮುಖದಲ್ಲಿ ಬೀಳುತ್ತದೆ, ಅಲ್ಲಿಂದ ಕೆರೆಗಳಿಗೆ. ಮೆಟ್ಟಿಲು ಹತ್ತಿದರೆ ಜೋಗಿ ಮಠ, ಮುರಕಲ್ಲಿನಲ್ಲಿ ಕೊರೆದ ಪಾಂಡವರ ಗುಹೆಗಳು. ಮಂಡಿ ನೋವಿರುವವರು ಕೆಳಗೇ ಕೂರಲಿ, ಮೆಟ್ಟಿಲು ಪಾಚಿಗಟ್ಟಿದ್ದರೆ ಜಾರುತ್ತದೆ.

ಕುದ್ರೋಳಿ ಗೋಕರ್ಣನಾಥ ಮತ್ತು ಮಂಗಳಾದೇವಿ, ಇವೆರಡಕ್ಕೆ ನೀವೊಬ್ಬರೇ ಹೋಗಬೇಡಿ, ಅಕ್ಕನ ಜೊತೆ ಸಂಜೆ ಹೋಗಿ. ಹೇಗೂ ಆಕೆ ಕರೆದುಕೊಂಡು ಹೋಗೇ ಹೋಗುತ್ತಾಳೆ. ಕುದ್ರೋಳಿ ದೇವಸ್ಥಾನ 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ್ದು. ಬೇರೆ ಗುಡಿಗಳೊಳಗೆ ಬಿಡದಿದ್ದ ಜನರಿಗಾಗಿ ಎದ್ದ ಗುಡಿ. 2013ರಲ್ಲಿ ಇಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದರು. ಬೋಳಾರದ ಮಂಗಳಾದೇವಿಯಿಂದ ಊರಿಗೆ ಮಂಗಳೂರು ಅಂತ ಹೆಸರು ಬಂತು ಅನ್ನುತ್ತಾರೆ. ಹೆಸರು ಅಂದಾಗ ನೆನಪಾಯಿತು, ಮನೆಯಲ್ಲಿ ಯಾರೂ ಮಂಗಳೂರು ಅನ್ನುವುದಿಲ್ಲ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯವರಿಗೆ ಮೈಕಾಲ.

ಸಂಜೆಯ ಕಡಲು: ಮೂರರಲ್ಲಿ ಯಾವುದು?

ನನ್ನ ಓಟು ತಣ್ಣೀರುಬಾವಿಗೆ, ಅದೂ ದೋಣಿಯಲ್ಲಿ ಹೋದರೆ. ನಾಲ್ಕೂವರೆಗೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ ಅದು. ಚಿಕ್ಕದು. ಕೋಟೆ ನೋಡುತ್ತೇವೆ ಅಂತ ಹೋದವರಿಗೆ ನಿರಾಸೆ, ಹತ್ತು ನಿಮಿಷ ಸಾಕು. ಪಕ್ಕದಲ್ಲೇ ಫಲ್ಗುಣಿ ದಾಟಲು ದೋಣಿ. ಕೆಲವೇ ನಿಮಿಷದಲ್ಲಿ ಆಚೆ ದಡ, ಅಲ್ಲಿಂದ ಗಾಳಿಮರಗಳ ನಡುವೆ ನಡೆದರೆ ಕಡಲು. ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ, ನಡುವೆ ಮರಳಿನ ಪಟ್ಟಿ. ರಸ್ತೆಯಲ್ಲಿ ಬಂದರೆ ಕೂಳೂರು ಸೇತುವೆ ಸುತ್ತಿ ಬರಬೇಕು. ದೋಣಿಯವರನ್ನು ಇಳಿಯುವಾಗಲೇ ಕೇಳಿ, ಕೊನೆಯ ದೋಣಿ ಎಷ್ಟಕ್ಕೆ ಅಂತ. ನಾನು ಕೇಳಲಿಲ್ಲ. ಸೂರ್ಯ ಮುಳುಗುವುದನ್ನು ಪೂರ್ತಿ ನೋಡಿ ಹಿಂದಿರುಗಿದರೆ ದೋಣಿ ಇಲ್ಲ, ಅಷ್ಟು ದೂರ ರಿಕ್ಷಾಕ್ಕೆ ಕೊಟ್ಟ ದುಡ್ಡು ಈಗಲೂ ಹೊಟ್ಟೆ ಉರಿಸುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿರುವಾಗ ದೋಣಿ ನಂಬಿಕೊಂಡು ಹೋಗಲೇಬೇಡಿ.

ಪಣಂಬೂರಿಗೆ ಬಸ್ಸು ಸುಲಭ, ಸುರತ್ಕಲ್ ಕಡೆಯ ಯಾವ ಬಸ್ಸಾದರೂ ಆಗುತ್ತದೆ. ಒಂಟೆ, ಚುರುಮುರಿ, ಗಾಳಿಪಟ, ಗಲಾಟೆ. ಮಕ್ಕಳಿಗೆ ಇದೇ ಇಷ್ಟ. ಪಕ್ಕದಲ್ಲಿ ನವಮಂಗಳೂರು ಬಂದರು ಇರುವುದರಿಂದ ಸರದಿಗೆ ಕಾಯುವ ದೊಡ್ಡ ಹಡಗುಗಳು ದೂರದಲ್ಲಿ ನಿಂತಿರುತ್ತವೆ, ಕತ್ತಲಾದ ಮೇಲೆ ಅವುಗಳ ದೀಪ ನೋಡಲು ಚೆನ್ನ.

ದಕ್ಷಿಣಕ್ಕೆ ನೇತ್ರಾವತಿ ಸೇತುವೆ ದಾಟಿದರೆ ಉಳ್ಳಾಲ, ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರು. ಅಲ್ಲೇ ಮುಂದೆ ಸೋಮೇಶ್ವರ. ಕಡಲ ದಂಡೆಯ ಬಂಡೆ ಮೇಲೆ ಗುಡಿ, ಅಪ್ಪಳಿಸುವ ಅಲೆ. ಮೂರರಲ್ಲಿ ಇದೇ ಚೆಂದ, ಇದೇ ಅಪಾಯ. ಬಂಡೆಗಳ ಮೇಲೆ ನಿಂತು ಫೋಟೊ ತೆಗೆಯುವ ಆಸೆ ಬಿಡಿ. ನಮ್ಮಂಥ ಬಯಲುಸೀಮೆಯವರಿಗೆ ಕಡಲು ಅಂದರೆ ದೊಡ್ಡ ಕೆರೆ ಅನ್ನುವ ಭಾವನೆ. ಕೆರೆ ಎಳೆಯುವುದಿಲ್ಲ, ಕಡಲು ಎಳೆಯುತ್ತದೆ. ಮೊಣಕಾಲಿನವರೆಗೆ ನೀರು ಸಾಕು, ಮಕ್ಕಳ ಕೈ ಹಿಡಿದೇ ಇರಿ, ಜೀವರಕ್ಷಕರು ಶೀಟಿ ಊದಿದರೆ ವಾದ ಮಾಡದೆ ಹಿಂದೆ ಬನ್ನಿ.

ಸೂರ್ಯ ಮುಳುಗುವುದು ಡಿಸೆಂಬರಿನಲ್ಲಿ ಆರು ದಾಟಿದ ಕೂಡಲೇ, ಮೇಯಲ್ಲಿ ಆರೂಮುಕ್ಕಾಲಿನ ಹೊತ್ತಿಗೆ. ಒಂದು ಗಂಟೆ ಮೊದಲು ಮರಳ ಮೇಲಿರಬೇಕು.

ಎಲ್ಲರನ್ನೂ ಕರೆದುಕೊಂಡು ಹೋಗುವ ಒಂದು ದಿನ

ಅದು ಪಿಲಿಕುಳ. ವಾಮಂಜೂರಿನ ಹತ್ತಿರ, ಊರಿನಿಂದ ಹತ್ತು-ಹನ್ನೆರಡು ಕಿಲೋಮೀಟರ್. ತುಳುವಿನಲ್ಲಿ ಪಿಲಿ ಅಂದರೆ ಹುಲಿ, ಹುಲಿ ನೀರು ಕುಡಿಯುವ ಕೊಳ. ಶಿವರಾಮ ಕಾರಂತರ ಹೆಸರಿನ ಮೃಗಾಲಯ, ಕೆರೆ, ಕುಶಲಕರ್ಮಿಗಳ ಹಳ್ಳಿ, ಹಳೇ ಕಾಲದ ಗುತ್ತಿನ ಮನೆಯ (ತುಳುನಾಡಿನ ದೊಡ್ಡ ಮನೆತನದವರ ಮನೆ) ಮಾದರಿ, 2018ರಲ್ಲಿ ತೆರೆದ ತಾರಾಲಯ, ಎಲ್ಲ ಒಂದೇ ಕಡೆ. ಅಕ್ಕನ ಅತ್ತೆ ಗುತ್ತಿನ ಮನೆಯ ಚಾವಡಿಯಲ್ಲಿ ನಿಂತು ತಮ್ಮ ತವರಿನ ಕಥೆ ಶುರುಮಾಡಿದರು, ಮಕ್ಕಳು ಹುಲಿ ನೋಡಲು ಓಡಿದರು, ಇಬ್ಬರಿಗೂ ಖುಷಿ. ಸೋಮವಾರ ರಜೆ. ನಾವು ಮೊದಲ ಸಲ ಹೋದದ್ದು ಸೋಮವಾರವೇ, ಎರಡು ರಿಕ್ಷಾ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು. ಗೇಟಿನ ಮುಂದೆ ಬುತ್ತಿ ಬಿಚ್ಚಿ ತಿಂದು ವಾಪಸ್ ಬಂದೆವು. ಒಳಗೆ ತುಂಬ ನಡೆಯಬೇಕು, ನೀರಿನ ಬಾಟಲಿ, ಟೋಪಿ ಇರಲಿ.

ತಿನ್ನುವ ವಿಷಯದಲ್ಲಿ ಸೂಕ್ಷ್ಮ

ಹೋಟೆಲಿನ ಊಟ ಮಾಡಿ ಬಂದು ಮನೆಯಲ್ಲಿ 'ಹಸಿವಿಲ್ಲ' ಅನ್ನಬೇಡಿ. ಹೊರಗಿನ ತಿಂಡಿಗೆ ಸಂಜೆ ನಾಲ್ಕು ಗಂಟೆ ಸರಿಯಾದ ಹೊತ್ತು. ಗೋಳಿಬಜೆ (ನಮ್ಮ ಕಡೆಯ ಮಂಗಳೂರು ಬಜ್ಜಿ), ಬನ್ಸ್, ಒಂದು ಚಾ. ಬನ್ಸ್ ಅಂದರೆ ಬೇಕರಿಯ ಬನ್ ಅಲ್ಲ, ಬಾಳೆಹಣ್ಣು ಕಲಸಿ ಕರಿದ ಪೂರಿಯಂಥದ್ದು. ಬೀಚಿನಿಂದ ಬರುವಾಗ ಲಾಲ್‌ಬಾಗ್ ಕಡೆ ಇಳಿದು ಐಡಿಯಲ್‌ನವರ ಗಡ್‌ಬಡ್ ಐಸ್‌ಕ್ರೀಂ ತಿನ್ನಿ, ಮನೆಗೂ ಐಸ್‌ಕ್ರೀಂ ಡಬ್ಬಿ ಕಟ್ಟಿಸಿಕೊಳ್ಳಿ.

ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ (ಹುಳಿ-ಖಾರದ ಮೀನಿನ ಸಾರು), ರಾತ್ರಿ ಕೋರಿ ರೊಟ್ಟಿ (ಕೋಳಿ ಸಾರಿನ ಜೊತೆ ಗರಿಗರಿ ಅಕ್ಕಿ ರೊಟ್ಟಿ). ಇದು ಮನೆಯಲ್ಲೇ ಸಿಗುವಾಗ ಹೊರಗೆ ಯಾಕೆ? ಕುಚ್ಚಲಕ್ಕಿ ನಮ್ಮ ಬಾಯಿಗೆ ಮೊದಲ ದಿನ ಒಗ್ಗುವುದಿಲ್ಲ, ಮೂರನೇ ದಿನಕ್ಕೆ ಬೆಳ್ತಿಗೆ, ಅಂದರೆ ನಮ್ಮ ಬಿಳಿ ಅಕ್ಕಿಯ ಅನ್ನ, ಸಪ್ಪೆ ಅನ್ನಿಸುತ್ತದೆ. ತುಳು ಬರದಿದ್ದರೂ ಊಟದ ಹೊತ್ತಿಗೆ ಎರಡು ಮಾತು ಬೇಕು. ಯಾರಾದರೂ 'ಒಣಸ್ ಆಂಡಾ?' ಅಂದರೆ ಊಟ ಆಯ್ತಾ ಅಂತ. ತಟ್ಟೆಗೆ ಮೂರನೇ ಸಲ ಸೌಟು ಬಂದಾಗ 'ಯಾವು' ಅನ್ನಿ, ಸಾಕು ಅಂತ ಅರ್ಥ. ಕೇಳುವುದಿಲ್ಲ, ಆದರೆ ನಗುತ್ತಾರೆ.

ಹೊರಡುವ ದಿನ

ಕೊನೆಯ ದಿನ ಯಾವ ಜಾಗವೂ ಬೇಡ. ಬೇಗ ಎಚ್ಚರವಾದರೆ ಭಾವನ ಜೊತೆ ದಕ್ಕೆಗೆ ಹೋಗಿ ಬನ್ನಿ, ಹಳೇ ಬಂದರಿನಲ್ಲಿ ದೋಣಿಗಳಿಂದ ಮೀನು ಇಳಿಸಿ ಹರಾಜು ಕೂಗುವುದು ಅಲ್ಲಿ. ನೆಲವೆಲ್ಲ ನೀರು, ಹಳೇ ಚಪ್ಪಲಿ ಹಾಕಿಕೊಳ್ಳಿ. ದಾರಿಗೆ ಅಡ್ಡ ನಿಂತು ಫೋಟೊ ತೆಗೆದರೆ ಮೀನಿನ ಬುಟ್ಟಿ ಹೊತ್ತವರ ಬಾಯಿಗೆ ಸಿಗುತ್ತೀರಿ.

ಬ್ಯಾಗಿನಲ್ಲಿ ಮೊದಲೇ ಕಾಲು ಭಾಗ ಖಾಲಿ ಇಟ್ಟುಕೊಂಡು ಹೋಗಿರಬೇಕು. ಹಲಸಿನ ಹಪ್ಪಳ, ರೊಟ್ಟಿಯ ಕಟ್ಟು, ಐದು ಕಿಲೋ ಕುಚ್ಚಲಕ್ಕಿ, ಕೊಬ್ಬರಿ ಎಣ್ಣೆಯ ಡಬ್ಬಿ, ಹಳೇ ಪೇಪರಿನಲ್ಲಿ ಮೂರು ಸುತ್ತು ಸುತ್ತಿದ ಒಣಮೀನು, ಇಷ್ಟು ಬರುವುದು ಖಚಿತ. ಬೇಡ ಅನ್ನುವ ಹಾಗಿಲ್ಲ. ಎಣ್ಣೆ ಡಬ್ಬಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಕಿ ಬಿಗಿ ಮಾಡಿ, ಘಾಟಿಯಲ್ಲಿ ಚೆಲ್ಲುತ್ತದೆ. ಒಣಮೀನಿನ ಕಟ್ಟನ್ನು ರೈಲಿನಲ್ಲಿ ನಿಮ್ಮ ಸೀಟಿನ ಕೆಳಗೆ ಇಡಬೇಡಿ, ಆಚೆ ಬದಿಯ ಸೀಟಿನ ಕೆಳಗೆ ಇಟ್ಟು ಏನೂ ಗೊತ್ತಿಲ್ಲದವರ ಹಾಗೆ ಕಿಟಕಿ ಕಡೆ ನೋಡುತ್ತ ಕೂತಿರಿ.